ತಲೆನೋವಿಗೆ ಶುಂಠಿಯೋ, ಬಾಮೋ, ಮೆಗ್ನೀಷಿಯಮ್ಮೋ, ಯೋಗವೋ?

ಹೋದ ವಾರ ಮೂರು ಜನ ನನ್ನ ಹತ್ತಿರ ಹೆಚ್ಚುಕಡಿಮೆ ಒಂದೇ ಪ್ರಶ್ನೆ ತಂದರು.

ಅಕ್ಕನ ಮಗಳು ಹಾಸ್ಟೆಲಿನಿಂದ ಫೋನ್ ಮಾಡಿದಳು. "ಚಿಕ್ಕಮ್ಮ, ಪ್ರತಿ ತಿಂಗಳು ಮುಟ್ಟಿನ ಹಿಂದಿನ ದಿನ ತಲೆಯ ಒಂದೇ ಕಡೆ ಸಿಡಿಯುತ್ತೆ. ವಾಂತಿ ಬೇರೆ. ಶುಂಠಿ ಕುಡೀಲಾ, ಇಲ್ಲ ನೀನು ತಗೊಳ್ತೀಯಲ್ಲ, ಆ ಮೆಗ್ನೀಷಿಯಂ ತಗೊಳ್ಳಲಾ?" ಪಕ್ಕದ ಮನೆಯ ಮೇಷ್ಟ್ರು ಗೇಟಿನ ಹತ್ತಿರ ನಿಲ್ಲಿಸಿಕೊಂಡರು. ಸಂಜೆ ಶಾಲೆಯಿಂದ ಬರುವಷ್ಟರಲ್ಲಿ ತಲೆಗೆ ಹಗ್ಗ ಬಿಗಿದ ಹಾಗಾಗುತ್ತದಂತೆ. ಬಾಮ್ ಹಚ್ಚಿ ಹಚ್ಚಿ ಸಾಕಾಗಿದೆ, ಆಯುರ್ವೇದಕ್ಕೆ ಹೋಗಲೋ ಬೇಡವೋ ಎಂದರು. ಆಫೀಸಿನ ಗೆಳತಿ ಮೊಬೈಲಿನಲ್ಲಿ ಐದು ಬಾಟಲಿಗಳ ಚಿತ್ರ ತೋರಿಸಿದಳು. "ಇದ್ರಲ್ಲಿ ಯಾವ್ದು ಅಂತ ಹೇಳು ಮಾರಾಯ್ತಿ. ದುಡ್ಡಿನ ಯೋಚ್ನೆ ಬೇಡ."

ನಾನು ಡಾಕ್ಟರಲ್ಲ. ಅರೆತಲೆನೋವಿನ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು, ಅಷ್ಟೆ. ಈ ಮೂವರ ಪಟ್ಟಿಯಲ್ಲಿದ್ದ ಎಲ್ಲವನ್ನೂ ಒಂದಲ್ಲ ಒಂದು ಸಲ ಮಾಡಿ ನೋಡಿದ್ದೇನೆ. ಬಹಳ ವರ್ಷ ನಾನು ಮಾಡಿದ ತಪ್ಪು ಒಂದೇ. ಶುಂಠಿಯನ್ನೂ ಮೆಗ್ನೀಷಿಯಮ್ಮನ್ನೂ ಪಕ್ಕಪಕ್ಕ ಇಟ್ಟು ಯಾವುದು ಒಳ್ಳೆಯದು ಎಂದು ಕೇಳುತ್ತಿದ್ದೆ. ಮಳೆ ಹೊಡೆಯುವಾಗ ಕೊಡೆ ಬಿಚ್ಚುವುದು ಒಂದು ಕೆಲಸ. ಬೇಸಿಗೆಯಲ್ಲೇ ಹೆಂಚು ಕೈಯಾಡಿಸಿ ಇಡುವುದು ಇನ್ನೊಂದು. ಶುಂಠಿ, ಬಾಮು, ತಣ್ಣೀರುಪಟ್ಟಿ, ಕಾಫಿ ಇವೆಲ್ಲ ಕೊಡೆ. ಮೆಗ್ನೀಷಿಯಂ, ವಿಟಮಿನ್ ಬಿ2, ಯೋಗ, ಹೊತ್ತಿಗೆ ಸರಿಯಾದ ಊಟ ನಿದ್ದೆ, ಇವು ಹೆಂಚಿನ ಕೆಲಸ. ಕೊಡೆಯಿಂದ ಸೋರುವ ಮನೆ ಸರಿಹೋಗಲಿಲ್ಲ ಎಂದು ಬೈದುಕೊಳ್ಳುವವರೇ ಜಾಸ್ತಿ. ಹೆಂಚು ಕೈಯಾಡಿಸಲು ಹತ್ತಿ, ನಾಲ್ಕೇ ದಿನಕ್ಕೆ ಇಳಿದು ಬಂದವರೂ ಕಡಿಮೆಯಿಲ್ಲ.

ಮೊದಲು, ಇದು ಯಾವ ನೋವು?

ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನವರು ಮನೆಮನೆಗೆ ಹೋಗಿ 2,329 ಜನರನ್ನು ವಿಚಾರಿಸಿದ್ದರು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿದ್ದವರು 100ಕ್ಕೆ 64 ಜನ. ಮೈಗ್ರೇನಿನವರೇ, ಅಂದರೆ ಅರೆತಲೆನೋವಿನವರೇ, 100ಕ್ಕೆ 25. ಇಷ್ಟು ಜನರಿಗೆ ಇರುವ ನೋವಾದ್ದರಿಂದ ಬೀದಿಗೊಬ್ಬರು ಮದ್ದು ಹೇಳುವವರೂ ಇದ್ದಾರೆ. ಅವರ ನೋವು ಬೇರೆ, ನಿಮ್ಮದು ಬೇರೆ ಇರಬಹುದು. ಅದಕ್ಕೇ ಮೊದಲು ಇದನ್ನು ನೋಡಿಕೊಳ್ಳಿ.

ಮೈಗ್ರೇನ್ ಸಾಮಾನ್ಯವಾಗಿ ಒಂದು ಕಡೆ ಬರುತ್ತದೆ, ನಾಡಿ ಹೊಡೆದ ಹಾಗೆ ಮಿಡಿಯುತ್ತದೆ. ಮೆಟ್ಟಿಲು ಹತ್ತಿದರೆ ಜಾಸ್ತಿಯಾಗುತ್ತದೆ. ಬೆಳಕು ಆಗುವುದಿಲ್ಲ, ಕುಕ್ಕರ್ ಸೀಟಿ ಆಗುವುದಿಲ್ಲ, ಹೊಟ್ಟೆ ತೊಳಸುತ್ತದೆ. ಸುಮ್ಮನೆ ಬಿಟ್ಟರೆ 4 ಗಂಟೆಯಿಂದ 72 ಗಂಟೆವರೆಗೂ ಕಾಡುತ್ತದೆ. ಕೆಲವರಿಗೆ ನೋವಿಗೆ ಮುಂಚೆ ಕಣ್ಣ ಮುಂದೆ ಗರಗಸದ ಹಲ್ಲಿನಂಥ ಮಿನುಗುವ ಗೆರೆ ಓಡಾಡುತ್ತದೆ. ಬಿಗಿತದ ತಲೆನೋವು ಇದಕ್ಕಿಂತ ಸಪ್ಪೆ. ಎರಡೂ ಕಡೆ, ಪೇಟ ಬಿಗಿಯಾಗಿ ಸುತ್ತಿದ ಹಾಗೆ. ಗೊಣಗಿಕೊಂಡು ಕೆಲಸ ಮಾಡಬಹುದು. ಇನ್ನು 'ನನ್ನದು ಸೈನಸ್' ಎಂದು ಹಬೆ ತೆಗೆದುಕೊಳ್ಳುವವರಲ್ಲಿ ಬಹಳ ಜನರದ್ದು ಮೈಗ್ರೇನೇ. ಮೈಗ್ರೇನಿನಲ್ಲೂ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಜ್ವರ, ಹಳದಿ ಗಟ್ಟಿ ಸಿಂಬಳ ಇಲ್ಲದಿದ್ದರೆ ಸೈನಸ್ ಎಂದು ನೀವೇ ಹೆಸರಿಡಬೇಡಿ. ಒಂದೇ ಕಣ್ಣಿನ ಸುತ್ತ ಚಾಕು ಹಾಕಿದಂತೆ 15 ನಿಮಿಷದಿಂದ 3 ಗಂಟೆ ನೋವು, ದಿನಾ ಅದೇ ಹೊತ್ತಿಗೆ ಬರುತ್ತಿದ್ದರೆ ಅದು ಬೇರೆಯದೇ ಜಾತಿ. ಮನೆಮದ್ದಿಗೆ ಬಗ್ಗುವುದಿಲ್ಲ, ನರರೋಗ ತಜ್ಞರ ಹತ್ತಿರ ಹೋಗಬೇಕು.

ಇನ್ನೂ ಕೆಲವರು ಈ ಬರಹ ಇಲ್ಲಿಗೇ ಬಿಟ್ಟು ಹೊರಡಬೇಕು. ಸಿಡಿಲು ಹೊಡೆದ ಹಾಗೆ ಒಂದು ನಿಮಿಷದೊಳಗೆ ತುತ್ತತುದಿ ಮುಟ್ಟುವ ನೋವು. ಜ್ವರದ ಜೊತೆ ಕತ್ತು ಬಗ್ಗಿಸಲು ಆಗದಿರುವುದು. ಮಾತು ತೊದಲುವುದು, ಒಂದು ಕೈಯೋ ಕಾಲೋ ಸೋಲುವುದು. ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದ ನೋವು. ಇವಕ್ಕೆ ತಡಮಾಡದೆ ಆಸ್ಪತ್ರೆ, ಬೇಕಾದರೆ 108. ಗರ್ಭಿಣಿಯರಿಗೆ, ಹೊಸ ಬಾಣಂತಿಯರಿಗೆ ಹೊಸದಾಗಿ ಜೋರು ತಲೆನೋವು ಬಂದರೆ ಅದೇ ದಿನ ಬಿಪಿ ನೋಡಿಸಬೇಕು. 50 ವರ್ಷ ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವನ್ನೂ ಡಾಕ್ಟರು ನೋಡಲೇಬೇಕು.

ಯಾವ ತಕ್ಕಡಿಯಲ್ಲಿ ತೂಗುವುದು?

ನಾನು ಐದು ವಿಷಯ ನೋಡುತ್ತೇನೆ. ಇದು ಕೊಡೆಯೋ ಹೆಂಚೋ ಎಂಬುದು ಮೊದಲನೆಯದು. ಎಷ್ಟು ಹೊತ್ತಿಗೆ ಅಥವಾ ಎಷ್ಟು ವಾರಕ್ಕೆ ಫಲ ಗೊತ್ತಾಗಬೇಕು ಎಂಬುದು ಎರಡನೆಯದು. ಯಾರಾದರೂ ಜನರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿದ್ದಾರಾ, ಅಥವಾ ಬರೀ ಬಾಯಿಮಾತಾ? ದುಡ್ಡೆಷ್ಟು, ಸಮಯವೆಷ್ಟು? ಕೊನೆಯದಾಗಿ, ಇದು ಯಾರಿಗೆ ಆಗಿಬರುವುದಿಲ್ಲ? 'ನ್ಯಾಚುರಲ್' ಎಂದು ಚೀಟಿ ಅಂಟಿಸಿದ ಕೂಡಲೇ ಐದನೆಯ ಪ್ರಶ್ನೆ ಮರೆತುಬಿಡುತ್ತೇವೆ. ಉಮ್ಮತ್ತಿ ಕಾಯಿ ಕೂಡ ಗಿಡದಲ್ಲೇ ಬಿಡುವುದು, ಅಲ್ವಾ?

ಕೊಡೆಗಳು: ಈ ಹೊತ್ತಿನ ನೋವಿಗೆ

ಶುಂಠಿಯಿಂದಲೇ ಶುರುಮಾಡುತ್ತೇನೆ. ನಮ್ಮಲ್ಲಿ ಇದಕ್ಕೆ ಎರಡು ದಾರಿ ಇದೆ, ಹಣೆಗೆ ಹಚ್ಚುವುದು ಮತ್ತು ಹೊಟ್ಟೆಗೆ ತೆಗೆದುಕೊಳ್ಳುವುದು. ಅಮ್ಮ ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಒಣಶುಂಠಿ ಕೊಂಬನ್ನು ತೇಯುತ್ತಿದ್ದರು. ಕಲ್ಲಿನ ಮೇಲೆ ಕಂದುಬಣ್ಣದ ಗಂಧ ಕೂಡಿದ ಮೇಲೆ ಉಂಗುರಬೆರಳಿನಿಂದ ಬಳಿದು ಹಣೆಗೆ ಎಳೆಯುತ್ತಿದ್ದರು. ಒಂದು ನಿಮಿಷ ತಂಪು. ಆಮೇಲೆ ಚುರುಚುರು. ಒಣಗುತ್ತ ಬಂದಂತೆ ಹಣೆಯ ಚರ್ಮ ಹಿಡಿದು ಎಳೆದ ಹಾಗೆ. ಆ ಉರಿಯ ಕಡೆ ಗಮನ ಹೋಗಿ ಒಳಗಿನ ನೋವು ಸ್ವಲ್ಪ ಹಿಂದೆ ಸರಿಯುತ್ತದೆ. ಇದರಿಂದ ಸುಖವಾಗುವುದು ನಿಜ, ಆದರೆ ಅಷ್ಟೇ. ಒಮ್ಮೆ ನಾನು ಹಚ್ಚಿಕೊಂಡು ನಿದ್ದೆ ಹೋಗಿಬಿಟ್ಟೆ. ಎದ್ದಾಗ ಹಣೆ ಮೇಲೆ ಕೆಂಪು ಪಟ್ಟೆ. ಮೂರು ದಿನ ಅದನ್ನು ಕೂದಲಿನಿಂದ ಮುಚ್ಚಿಕೊಂಡು ಆಫೀಸಿಗೆ ಹೋದೆ. ಹತ್ತು ನಿಮಿಷ ಸಾಕು, ತೊಳೆದುಬಿಡಿ. ಕಣ್ಣಿನ ಹತ್ತಿರ ಬೇಡವೇ ಬೇಡ.

ಪರೀಕ್ಷೆಗೆ ಒಳಗಾಗಿರುವುದು ಹೊಟ್ಟೆಗೆ ತೆಗೆದುಕೊಳ್ಳುವ ಶುಂಠಿ. 2014ರಲ್ಲಿ ಪ್ರಕಟವಾದ ಇರಾನಿನ ಒಂದು ಅಧ್ಯಯನದಲ್ಲಿ 100 ಮೈಗ್ರೇನ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 250 ಮಿಲಿಗ್ರಾಂ ಒಣಶುಂಠಿ ಪುಡಿ, ಇನ್ನೊಂದಕ್ಕೆ ಮೈಗ್ರೇನಿಗೇ ಇರುವ ಸುಮಾಟ್ರಿಪ್ಟಾನ್ ಮಾತ್ರೆ 50 ಮಿಲಿಗ್ರಾಂ. ಎರಡು ಗಂಟೆ ಕಳೆದಾಗ ಎರಡೂ ಕಡೆ ನೋವು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿದಿತ್ತು. ಕೇಳಲು ಬಹಳ ಚೆನ್ನಾಗಿದೆ. ಆದರೆ ಏನೂ ಮದ್ದಿಲ್ಲದ ಹುಸಿಮಾತ್ರೆ ಕೊಟ್ಟ ಮೂರನೇ ಗುಂಪು ಅದರಲ್ಲಿ ಇರಲಿಲ್ಲ. ಹಾಗಾಗಿ ಶುಂಠಿ ಸುಮಾಟ್ರಿಪ್ಟಾನ್‌ಗೆ ಸಮ ಎಂದು ನಾನು ಹೇಳುವುದಿಲ್ಲ. ಮಾಡಿ ನೋಡಲು ಯೋಗ್ಯ ಎಂದಷ್ಟೇ ಹೇಳುತ್ತೇನೆ. ಶುಂಠಿಯ ಇನ್ನೊಂದು ಲಾಭ ಹೊಟ್ಟೆ ತೊಳಸುವುದನ್ನು ಹಿಡಿದಿಡುವುದು. ಮೈಗ್ರೇನಿನವರಿಗೆ ಇದು ಸಣ್ಣ ಮಾತಲ್ಲ.

ಹೊತ್ತು ಮಾತ್ರ ಮುಖ್ಯ. ಮೈಗ್ರೇನ್ ಏರಿದ ಮೇಲೆ ಹೊಟ್ಟೆ ಕೆಲಸ ನಿಧಾನ ಮಾಡುತ್ತದೆ, ಕುಡಿದದ್ದು ಮುಂದೆ ಹೋಗುವುದಿಲ್ಲ. ಕತ್ತು ಬಿಗಿಯುವುದು, ಸುಮ್ಮಸುಮ್ಮನೆ ಆಕಳಿಕೆ ಬರುವುದು, ಇಂಥ ಮುನ್ಸೂಚನೆ ಬಂದ ಕೂಡಲೇ ಕಾಲು ಚಮಚ ಒಣಶುಂಠಿ ಪುಡಿಯನ್ನು ಬಿಸಿನೀರಿಗೆ ಹಾಕಿ, ಬೇಕಿದ್ದರೆ ಬೆಲ್ಲ ಸೇರಿಸಿ ಕುಡಿಯಿರಿ. ಮೂರು ಗಂಟೆ ಒದ್ದಾಡಿ ಆಮೇಲೆ ಕಷಾಯ ಇಟ್ಟರೆ ಅದು ಬಚ್ಚಲಿಗೇ ಹೋಗುವುದು. ದಿನಾ ಶುಂಠಿ ತೆಗೆದುಕೊಂಡರೆ ಮೈಗ್ರೇನ್ ಬರುವುದೇ ನಿಲ್ಲುತ್ತದಾ ಎಂದು ಬ್ರೆಜಿಲಿನಲ್ಲಿ ನೋಡಿದ್ದಾರೆ, ಹುಸಿಮಾತ್ರೆಗಿಂತ ಹೆಚ್ಚಿನ ಫಲ ಸಿಗಲಿಲ್ಲ. ಖರ್ಚು ಹತ್ತಿಪ್ಪತ್ತು ರೂಪಾಯಿ. ಎದೆಯುರಿ ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಕೇಳಿಕೊಂಡು ಕುಡಿಯಬೇಕು.

ತಂಪು ಇದಕ್ಕಿಂತ ಅಗ್ಗ, ಇದಕ್ಕಿಂತ ಸುರಕ್ಷಿತ. ನಮ್ಮ ಮನೆಯ ಫ್ರೀಜರಿನಲ್ಲಿ ಸಂಕ್ರಾಂತಿ ಹೊತ್ತಿಗೆ ಕಟ್ಟಿಟ್ಟ ಹಿತಕಿದ ಅವರೆಬೇಳೆಯ ಪೊಟ್ಟಣಗಳಿರುತ್ತವೆ. ಅದರಲ್ಲೊಂದು ಸಾರಿಗೆ ಹೋಗದೆ ನನ್ನ ತಲೆಗೇ ಮೀಸಲು. ತೆಳು ಟವೆಲಿನಲ್ಲಿ ಸುತ್ತಿ ಕತ್ತಿಗೋ ಕಣತಲೆಗೋ ಇಟ್ಟರೆ ಕಾಳು ಜಾರಿ ಆ ಜಾಗದ ಆಕಾರಕ್ಕೆ ಕೂರುತ್ತದೆ. ಐಸಿನ ಗಟ್ಟಿ ಹಾಗೆ ಕೂರುವುದಿಲ್ಲ. 2013ರಲ್ಲಿ ಹವಾಯಿಯಲ್ಲಿ ಕತ್ತಿನ ಸುತ್ತ ತಣ್ಣನೆಯ ಪಟ್ಟಿ ಕಟ್ಟಿ ನೋಡಿದಾಗ ಅರ್ಧ ಗಂಟೆಯಲ್ಲಿ ಮೈಗ್ರೇನ್ ನೋವು ಇಳಿದದ್ದು ಕಂಡಿತು. ಪ್ರಕೃತಿ ಚಿಕಿತ್ಸೆಯವರು ಇದರ ಜೊತೆ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಡಿಸುತ್ತಾರೆ. ಕಾಲಿಗೆ ಬಿಸಿ, ತಲೆಗೆ ತಂಪು. ನನಗೆ ಇದು ಹಿಡಿಸಿದೆ. ಬಿಗಿತದ ನೋವಿನವರಿಗೆ ಮಾತ್ರ ಕತ್ತಿಗೆ ಬಿಸಿನೀರಿನ ಚೀಲವೇ ಹಿತ. ಗರ್ಭಿಣಿಯರಿಗೂ ಮಕ್ಕಳಿಗೂ ಮೊದಲು ಕೈಹಾಕಬೇಕಾದದ್ದು ಈ ತಂಪಿಗೇ. ಇದರ ಜೊತೆ ಕತ್ತಲೆ ಕೋಣೆ ಮತ್ತು ನಿದ್ದೆ. ನಿದ್ದೆ ಬಂತೆಂದರೆ ಅರ್ಧ ಗೆದ್ದ ಹಾಗೆ. ಆದರೆ ಮಧ್ಯಾಹ್ನ ಎರಡು ಗಂಟೆಗೆ ಆಫೀಸಿನಲ್ಲಿ ಕತ್ತಲೆ ಕೋಣೆ ಎಲ್ಲಿಂದ ತರುವುದು? ಸಮಯವೂ ಖರ್ಚೇ.

ಬಾಮಿನ ವಿಷಯ ಸ್ವಾರಸ್ಯವಾಗಿದೆ. ಕಾಶೀನಾಥುನಿ ನಾಗೇಶ್ವರ ರಾವ್ ಬೊಂಬಾಯಿಯಲ್ಲಿ ಅಮೃತಾಂಜನ ಶುರುಮಾಡಿದ್ದು 1893ರಲ್ಲಿ. ಅಂದಿನಿಂದ ಹಣೆ ಹಳದಿ ಮಾಡಿಕೊಂಡ ಜನ ನಾವು. ಸುಮ್ನೆ ವಾಸನೆ ಎಂದು ತಳ್ಳಿಹಾಕುವ ಹಾಗಿಲ್ಲ. 1996ರಲ್ಲಿ ಜರ್ಮನಿಯಲ್ಲಿ ಬಿಗಿತದ ತಲೆನೋವಿನ 41 ಜನರ ಹಣೆಗೆ, ಕಣತಲೆಗೆ ಸ್ಪಿರಿಟಿನಲ್ಲಿ ಬೆರೆಸಿದ 10 ಶೇಕಡಾ ಪುದೀನ ಜಾತಿಯ ಪೆಪ್ಪರ್‌ಮಿಂಟ್ ಎಣ್ಣೆ ಹಚ್ಚಿ ನೋಡಿದರು. 1,000 ಮಿಲಿಗ್ರಾಂ ಪ್ಯಾರಾಸಿಟಮಾಲ್ ನುಂಗಿದಷ್ಟೇ ಫಲ ಸಿಕ್ಕಿತು. ಗಮನಿಸಿ, ಇದು ಬಿಗಿತದ ನೋವಿಗೆ. ಮೈಗ್ರೇನಿನವರಲ್ಲಿ ಬಹಳ ಜನರಿಗೆ ಘಾಟು ವಾಸನೆಯೇ ಆಗುವುದಿಲ್ಲ. ನನಗಂತೂ ಪಕ್ಕದಲ್ಲಿ ಯಾರಾದರೂ ಬಾಮ್ ಡಬ್ಬಿ ತೆಗೆದರೆ ಸಾಕು, ಹೊಟ್ಟೆ ತಿರುಗುತ್ತದೆ. ಲ್ಯಾವೆಂಡರ್ ವಾಸನೆಯ ಮೇಲೂ ಇರಾನಿನಲ್ಲಿ ಒಂದು ಸಣ್ಣ ಅಧ್ಯಯನ ಆಗಿದೆ, 15 ನಿಮಿಷ ಮೂಸಿದವರಿಗೆ ಹಗುರವಾಯಿತಂತೆ. ಎಳೆ ಮಕ್ಕಳ ಮೂಗಿನ ಹತ್ತಿರ ಕರ್ಪೂರ, ಮೆಂಥಾಲ್ ಇರುವ ಬಾಮ್ ತರಬೇಡಿ, ಉಸಿರಿಗೆ ತೊಂದರೆಯಾಗುತ್ತದೆ.

ಕಾಫಿ ಎರಡು ಅಲುಗಿನ ಕತ್ತಿ. ನೋವಿನ ಮಾತ್ರೆಗೆ ಕೆಫೀನ್ ಬಲ ಕೊಡುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ತಲೆನೋವಿನ ಮಾತ್ರೆಯೊಳಗೇ ಕೆಫೀನ್ ಇರುವುದು ಅದಕ್ಕೇ. ಅಪರೂಪಕ್ಕೆ ಕಾಫಿ ಕುಡಿಯುವವರಿಗೆ ನೋವಿನ ಶುರುವಿನಲ್ಲಿ ಒಂದು ಲೋಟ ಒಳ್ಳೆಯ ಮದ್ದು. ದಿನಕ್ಕೆ ನಾಲ್ಕು ಲೋಟ ಇಳಿಸುವವರಿಗೆ ಅದೇ ಕಾಯಿಲೆ. ಕಾಫಿ ತಪ್ಪಿ 12ರಿಂದ 24 ಗಂಟೆಯೊಳಗೆ ತಲೆ ಹಿಡಿಯುತ್ತದೆ. ನಮ್ಮತ್ತೆಗೆ ಏಕಾದಶಿ ದಿನ ಬರುವ ತಲೆನೋವು ಉಪವಾಸದ್ದು ಎಂದೇ ಎಲ್ಲರೂ ನಂಬಿದ್ದೆವು. ಒಂದು ಸಲ ಕಾಫಿ ಮಾತ್ರ ಬಿಡದೆ ಉಪವಾಸ ಮಾಡಿದರು. ನೋವು ಬರಲಿಲ್ಲ. ದೇವರು ಒಪ್ಪಿದನೋ ಇಲ್ಲವೋ ಅವರಿಬ್ಬರಿಗೆ ಬಿಟ್ಟದ್ದು.

ಹೆಂಚಿನ ಕೆಲಸ: ಮುಂದಿನ ತಿಂಗಳ ನೋವಿಗೆ

ತಿಂಗಳಿಗೆ ಒಂದೆರಡು ಸಲ ಮಾತ್ರ ತಲೆನೋವು ಬರುವವರು ಈ ಭಾಗವನ್ನು ಬೇಗ ಓದಿ ಮುಂದೆ ಹೋಗಬಹುದು. ನಾಲ್ಕು ದಿನಕ್ಕಿಂತ ಜಾಸ್ತಿ ಹಾಳಾಗುತ್ತಿದ್ದರೆ ನಿಧಾನವಾಗಿ ಓದಿ.

ಮೆಗ್ನೀಷಿಯಂ ಬಗ್ಗೆ ಇರುವ ಸಾಕ್ಷಿ ಸುಮಾರಾಗಿ ಗಟ್ಟಿ. ದಿನಕ್ಕೆ 400ರಿಂದ 600 ಮಿಲಿಗ್ರಾಂ, ಎರಡು ಮೂರು ತಿಂಗಳು. ಬಾಟಲಿ ಆರಿಸುವಾಗ ಹಿಂಬದಿಯ ಚೀಟಿ ಓದಿ. ಆಕ್ಸೈಡ್ ಎಂದಿದ್ದರೆ ಅಗ್ಗ, ಆದರೆ ಹೊಟ್ಟೆ ಸಡಿಲವಾಗುತ್ತದೆ. ಗ್ಲೈಸಿನೇಟ್ ಎಂದಿದ್ದರೆ ದುಬಾರಿ, ಹೊಟ್ಟೆಗೆ ಮೆತ್ತಗೆ. ನಾನು ಮೊದಲ ಸಲ ಅಗ್ಗದ್ದನ್ನು ತಂದು, ಮೊದಲ ದಿನವೇ ಪೂರ್ತಿ ಪ್ರಮಾಣ ನುಂಗಿ, ಧರ್ಮಸ್ಥಳದ ಬಸ್ಸು ಹತ್ತಿದೆ. ಶಿರಾಡಿ ಘಾಟಿಯಲ್ಲಿ ಏನಾಯಿತೆಂದು ಬರೆಯುವುದಿಲ್ಲ. ಸ್ವಲ್ಪದಿಂದ ಶುರುಮಾಡಿ ಏರಿಸಿ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು, ಮೆಗ್ನೀಷಿಯಂ ಹೊರಗೆ ಹೋಗದೆ ರಕ್ತದಲ್ಲೇ ಉಳಿದುಬಿಡುತ್ತದೆ.

ಬಾಟಲಿ ಬೇಡ ಎನ್ನುವವರಿಗೆ ಊಟದಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಮೆಗ್ನೀಷಿಯಂ ಇರುತ್ತದೆ. ಒಂದು ಮುದ್ದೆ ಉಂಡರೆ ಹತ್ತಿರ ಹತ್ತಿರ 100 ಬಂತು, ಅಷ್ಟೂ ಮೈಗೆ ಹತ್ತುವುದಿಲ್ಲ ನಿಜ. ಜೊತೆಗೆ ಸೊಪ್ಪಿನ ಸಾರು, ಎಳ್ಳಿನ ಚಟ್ನಿಪುಡಿ, ಕುಂಬಳಬೀಜ. ಅಧ್ಯಯನದಲ್ಲಿ ಕೊಟ್ಟ ಮಾತ್ರೆಯ ಪ್ರಮಾಣಕ್ಕೆ ಇದು ಸಮವಾಗುವುದಿಲ್ಲ, ಆದರೆ ಕೆಟ್ಟದ್ದಂತೂ ಆಗುವುದಿಲ್ಲ.

ಬಿ2, ಅಂದರೆ ರೈಬೋಫ್ಲೇವಿನ್, ನನ್ನ ಲೆಕ್ಕದಲ್ಲಿ ಸದ್ದಿಲ್ಲದ ಒಳ್ಳೆಯ ಆಯ್ಕೆ. 1998ರಲ್ಲಿ ಪ್ರಕಟವಾದ 55 ಜನರ ಅಧ್ಯಯನದಲ್ಲಿ ದಿನಕ್ಕೆ 400 ಮಿಲಿಗ್ರಾಂ ಮೂರು ತಿಂಗಳು ಕೊಟ್ಟರು. ತೆಗೆದುಕೊಂಡವರಲ್ಲಿ 100ಕ್ಕೆ 59 ಜನರಿಗೆ ನೋವಿನ ದಿನಗಳು ಕನಿಷ್ಠ ಅರ್ಧಕ್ಕೆ ಇಳಿದವು. ಹುಸಿಮಾತ್ರೆಯವರಲ್ಲಿ ಹಾಗಾದದ್ದು 15 ಜನರಿಗೆ. ಒಂದು ಮೋಸ ಮಾತ್ರ ಗೊತ್ತಿರಲಿ. ಔಷಧಿ ಅಂಗಡಿಯ ಮಾಮೂಲಿ ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲಿ ಬಿ2 ಕೆಲವೇ ಮಿಲಿಗ್ರಾಂ ಇರುತ್ತದೆ. ಅದನ್ನು ನುಂಗಿ 'ಬಿ2 ಕೆಲಸ ಮಾಡಲಿಲ್ಲ' ಎನ್ನುವ ಹಾಗಿಲ್ಲ. ಮೂತ್ರ ಅರಿಸಿನದ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ಕೋ ಎನ್‌ಜೈಮ್ ಕ್ಯೂ10 ಎಂಬ ಮಾತ್ರೆ ಕೂಡ ದಿನಕ್ಕೆ 300 ಮಿಲಿಗ್ರಾಂ ಕೊಟ್ಟಾಗ ಫಲ ಕೊಟ್ಟಿದೆ, ಆದರೆ ಈ ಮೂರರಲ್ಲಿ ಜೇಬಿಗೆ ಭಾರ ಇದೇ. ಮೊದಲೆರಡು ಸೋತ ಮೇಲೆ ನೋಡಿದರಾಯಿತು.

ಗೆಳತಿಯ ಐದು ಬಾಟಲಿಗಳಲ್ಲಿ ಒಂದರ ಮೇಲೆ ಬಟರ್‌ಬರ್ ಎಂದಿತ್ತು. ಅದನ್ನು ನಾನು ನೇರವಾಗಿ ಬೇಡ ಎಂದೆ. ಅಮೆರಿಕದ ನರರೋಗ ತಜ್ಞರ ಸಂಘ 2012ರಲ್ಲಿ ಈ ಗಿಡವನ್ನು ಹೊಗಳಿ, ಯಕೃತ್ತಿಗೆ, ಅಂದರೆ ಲಿವರ್‌ಗೆ, ಪೆಟ್ಟು ಬೀಳುತ್ತದೆಂಬ ಆತಂಕದಿಂದ 2015ರಲ್ಲಿ ಆ ಮಾತನ್ನೇ ವಾಪಸ್ ಪಡೆಯಿತು. ಆನ್‌ಲೈನ್ ಅಂಗಡಿಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲವೇನೋ. ಫೀವರ್‌ಫ್ಯೂ ಎಂಬ ಇನ್ನೊಂದರ ಫಲ ಅಷ್ಟಕ್ಕಷ್ಟೆ, ಬಾಯಿಹುಣ್ಣು ಬರಬಹುದು, ಗರ್ಭಿಣಿಯರಿಗೆ ಕೂಡದು.

ಯೋಗಕ್ಕೆ ನಮ್ಮ ದೇಶದ್ದೇ ಸಾಕ್ಷಿ ಇದೆ. ದೆಹಲಿಯ ಏಮ್ಸ್‌ನವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿಗೆ ಬರೀ ಔಷಧ, ಇನ್ನೊಂದಕ್ಕೆ ಔಷಧದ ಜೊತೆ ಯೋಗ. ಮೊದಲ ತಿಂಗಳು ವಾರಕ್ಕೆ ಮೂರು ದಿನ ಒಂದೊಂದು ಗಂಟೆ ಗುರುಗಳ ಮುಂದೆ, ಆಮೇಲೆ ಎರಡು ತಿಂಗಳು ವಾರಕ್ಕೆ ಐದು ದಿನ ಮನೆಯಲ್ಲಿ. ಮೂರು ತಿಂಗಳಾದಾಗ ಯೋಗದವರ ತಲೆನೋವಿನ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ಬರೀ ಔಷಧದವರಲ್ಲಿ ಇಳಿದದ್ದು 100ಕ್ಕೆ 12ರಷ್ಟು. 'ಔಷಧದ ಜೊತೆ' ಎಂಬ ಮಾತನ್ನು ಕೆಲವರು ನುಂಗಿಬಿಡುತ್ತಾರೆ, ನೀವು ನುಂಗಬೇಡಿ. ದುಡ್ಡಿನ ಲೆಕ್ಕದಲ್ಲಿ ಇದು ಬಹಳ ಅಗ್ಗ. ಸಮಯದ ಲೆಕ್ಕದಲ್ಲಿ ಬಹಳ ದುಬಾರಿ. ಬೆಳಗ್ಗೆ ಡಬ್ಬಿ ಕಟ್ಟಿ ಮಕ್ಕಳನ್ನು ಕಳಿಸುವ ಹೆಂಗಸಿಗೆ ವಾರಕ್ಕೆ ಐದು ಗಂಟೆ ಹೊಂದಿಸು ಎನ್ನುವುದು ಸುಲಭದ ಮಾತಲ್ಲ. ನೋವು ಇರುವಾಗ ಆಸನ ಹಾಕಬೇಡಿ. ತಲೆ ಕೆಳಗೆ ಮಾಡಿ ನಿಂತರೆ ಜಾಸ್ತಿಯಾಗುವುದೇ ಹೊರತು ಕಡಿಮೆಯಾಗುವುದಿಲ್ಲ.

ಅಕ್ಯುಪಂಕ್ಚರ್, ಅಂದರೆ ಸೂಜಿ ಚುಚ್ಚುವ ಚಿಕಿತ್ಸೆಯ ಬಗ್ಗೆ 2016ರಲ್ಲಿ 22 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದ್ದಾರೆ. ನೋವು ಬರುವ ಸಂಖ್ಯೆ ಅರ್ಧಕ್ಕಿಳಿದದ್ದು ನಿಜವಾದ ಸೂಜಿಯವರಲ್ಲಿ 100ಕ್ಕೆ 50 ಜನರಿಗೆ, ಸುಳ್ಳು ಸೂಜಿಯವರಲ್ಲಿ 41 ಜನರಿಗೆ. ಲಾಭ ಇದೆ, ಆದರೆ ಅದರಲ್ಲಿ ಸೂಜಿಯ ಪಾಲು ಸಣ್ಣದು. ವಾರವಾರ ಹೋಗಿಬರುವ ಖರ್ಚು ನೋಡಿಕೊಂಡು ತೀರ್ಮಾನಿಸಿ.

ಆಯುರ್ವೇದದವರು ಅರೆತಲೆನೋವನ್ನು ಅರ್ಧಾವಭೇದಕ ಎಂದು ಹೆಸರಿಟ್ಟು ಸಾವಿರಾರು ವರ್ಷ ನೋಡಿದ್ದಾರೆ. ಪಥ್ಯಾದಿ ಕಷಾಯ, ಮೂಗಿಗೆ ಎಣ್ಣೆ ಬಿಡುವ ನಸ್ಯ, ಹಣೆಗೆ ಎಣ್ಣೆ ಧಾರೆ. ಧಾರೆ ಹಾಕಿಸಿಕೊಂಡ ದಿನ ನಾನು ಮಗುವಿನ ಹಾಗೆ ಮಲಗಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ದೊಡ್ಡ ಪರೀಕ್ಷೆಗಳು ಕಡಿಮೆ. ಖಾಸಗಿ ಜಾಗಗಳಲ್ಲಿ ಒಂದೊಂದು ಸಲಕ್ಕೂ ಸಾವಿರದ ಮೇಲೆ ಬಿಲ್ಲಾಗುತ್ತದೆ. ಏಳು ದಿನದ ಪ್ಯಾಕೇಜ್ ಎಂದು ಕೂರಿಸಿದರೆ ತಿಂಗಳ ಸಂಬಳವೇ ಅಲುಗಾಡುತ್ತದೆ. ಹೋಗುವ ಮನಸ್ಸಿದ್ದರೆ ಬೆಂಗಳೂರಿನ ಧನ್ವಂತರಿ ರಸ್ತೆಯ ಜಯಚಾಮರಾಜೇಂದ್ರ ಸರ್ಕಾರಿ ಆಸ್ಪತ್ರೆ, ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನಂಥ ಕಡೆ ಮೊದಲು ತೋರಿಸಿ. ಕಷಾಯ, ತೈಲ ಒಂದು ಜಾತಿ. ಹೆಸರಿನ ಕೊನೆಗೆ 'ರಸ' ಎಂದಿರುವ ಗುಳಿಗೆಗಳಲ್ಲಿ ಪಾದರಸ ಇರುತ್ತದೆ. ಅಂಥದ್ದನ್ನು ಓದಿದ ವೈದ್ಯರು ಬರೆದುಕೊಡದೆ, ಅಂಗಡಿಯವರ ಮಾತು ಕೇಳಿ ತಿಂಗಳುಗಟ್ಟಲೆ ತಿನ್ನಬೇಡಿ.

ಖರ್ಚೇ ಇಲ್ಲದ, ಆದ್ದರಿಂದಲೇ ಯಾರೂ ಮಾರದ ಮದ್ದು ಒಂದಿದೆ. ಒಂದೇ ಹೊತ್ತಿಗೆ ಮಲಗಿ ಏಳುವುದು, ಊಟ ತಪ್ಪಿಸದಿರುವುದು. ಮೈಗ್ರೇನ್ ತಲೆಗೆ ಬದಲಾವಣೆ ಆಗುವುದಿಲ್ಲ. ಭಾನುವಾರ ಹತ್ತು ಗಂಟೆವರೆಗೆ ಮಲಗಿದರೂ ಕೋಪ, ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟರೂ ಕೋಪ. ಮದುವೆ ಮನೆಯಲ್ಲಿ ಮುಹೂರ್ತ ಮುಗಿದು ಮೂರನೇ ಪಂಕ್ತಿಗೆ ಎಲೆ ಸಿಗುವ ಹೊತ್ತಿಗೆ ನನ್ನ ಕಥೆ ಮುಗಿದಿರುತ್ತಿತ್ತು. ಈಗ ಬ್ಯಾಗಿನಲ್ಲಿ ಎರಡು ಬಾಳೆಹಣ್ಣು ಇಟ್ಟುಕೊಂಡೇ ಹೋಗುತ್ತೇನೆ.

ಮೂವರಿಗೆ ನಾನು ಹೇಳಿದ್ದು

ಅಕ್ಕನ ಮಗಳಿಗೆ ಶುಂಠಿ. ಹಾಸ್ಟೆಲಿನಲ್ಲಿ ಕೆಟಲ್ ಇದೆ, ಖರ್ಚಿಲ್ಲ, ವಾಂತಿಗೂ ಆಗುತ್ತದೆ. ಮುಟ್ಟಿನ ದಿನ ಮುಂಚೆಯೇ ಗೊತ್ತಿರುವುದರಿಂದ ಆ ಎರಡು ದಿನ ನಿದ್ದೆ, ತಿಂಡಿ ತಪ್ಪಿಸಬೇಡ ಎಂದೆ. ಶುಂಠಿಗೆ ಬಗ್ಗದಿದ್ದರೆ ಒದ್ದಾಡಿಕೊಂಡು ಕೂರಬೇಡ, ಡಾಕ್ಟರು ಬರೆದ ಮಾತ್ರೆ ತಗೋ. ತಿಂಗಳಿಗೆ ಒಂದೆರಡು ದಿನದ ನೋವಿಗೆ ದಿನಾ ಮಾತ್ರೆ ನುಂಗುವ ಮೆಗ್ನೀಷಿಯಂ ಈಗಲೇ ಬೇಡ. ಇನ್ನೊಂದನ್ನೂ ಕೇಳಿದೆ, ಕಣ್ಣ ಮುಂದೆ ಮಿಂಚುಗೆರೆ ಬರುತ್ತದಾ ಎಂದು. ಇಲ್ಲವಂತೆ. ಬರುವವರು ಮುಟ್ಟು ಸರಿಮಾಡಲೋ ಗರ್ಭ ತಡೆಯಲೋ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವ ಮುಂಚೆ ಆ ವಿಷಯ ಡಾಕ್ಟರಿಗೆ ಹೇಳಲೇಬೇಕು. ಕೆಲವು ಮಾತ್ರೆಗಳಿಂದ ಅವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಗೆಳತಿಗೆ ತಿಂಗಳಲ್ಲಿ ಹತ್ತು ದಿನ ನೋವು. ಅಷ್ಟಿರುವಾಗ ಬಾಟಲಿಗೆ ಮುಂಚೆ ನರರೋಗ ತಜ್ಞರು. ಅವರನ್ನೇ ಕೇಳಿ ಬಿ2 ಅಥವಾ ಮೆಗ್ನೀಷಿಯಂ, ಎರಡರಲ್ಲಿ ಒಂದು, ಮೂರು ತಿಂಗಳು. ಐದನ್ನೂ ಒಟ್ಟಿಗೆ ಶುರುಮಾಡಿದರೆ ಯಾವುದು ಕೆಲಸ ಮಾಡಿತು, ಯಾವುದು ಹೊಟ್ಟೆ ಕೆಡಿಸಿತು ಎಂದೇ ತಿಳಿಯುವುದಿಲ್ಲ. ಉಳಿಯುವ ದುಡ್ಡನ್ನು ಯೋಗದ ಕ್ಲಾಸಿಗೆ ಕಟ್ಟು ಎಂದೆ. ಮುಖ ಸಣ್ಣ ಮಾಡಿದಳು. ಬಾಟಲಿಯಷ್ಟು ಬೇಗ ಯೋಗ ಮನೆಗೆ ಡೆಲಿವರಿ ಆಗುವುದಿಲ್ಲವಲ್ಲ.

ಮೇಷ್ಟ್ರಿಗೆ ಮಾತ್ರ ಇದ್ಯಾವುದನ್ನೂ ಹೇಳಲಿಲ್ಲ. "ಯಾವಾಗಿಂದ ಮೇಷ್ಟ್ರೇ?" ಎಂದೆ. "ಹೋದ ದೀಪಾವಳಿಯಿಂದ ಇರಬೇಕಮ್ಮ." ಅವರಿಗೆ ಐವತ್ತನಾಲ್ಕು. "ಮಾತ್ರೆ ಎಷ್ಟು ತಗೋತೀರಿ?" "ದಿನ ಬಿಟ್ಟು ದಿನ ಒಂದು, ಪರೀಕ್ಷೆ ಬಂದ್ರೆ ದಿನಾ." ಮಾಮೂಲಿ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಕೆಫೀನ್ ಬೆರೆಸಿದಂಥ ಮಾತ್ರೆ 10 ದಿನ ಮುಟ್ಟಿ, ಹೀಗೇ ಮೂರು ತಿಂಗಳು ದಾಟಿದರೆ ಮಾತ್ರೆಯಿಂದಲೇ ತಲೆನೋವು ಬರಲು ಶುರುವಾಗುತ್ತದೆ. ಅವರ ಲೆಕ್ಕ ಆ ಗೆರೆಯನ್ನು ದಾಟಿತ್ತು. 50 ಆದ ಮೇಲೆ ಶುರುವಾದ ನೋವು ಬೇರೆ. ಆಯುರ್ವೇದ ಆಮೇಲೆ ನೋಡೋಣ, ಮೊದಲು ಬಿಪಿ, ಕಣ್ಣು, ಡಾಕ್ಟರು ಎಂದೆ. ಕನ್ನಡಕದ ನಂಬರ್ ನೋಡಿಸಿ ನಾಲ್ಕು ವರ್ಷವಾಯಿತಂತೆ. ಬುಧವಾರ ರಜೆ ಹಾಕುತ್ತೇನೆ ಎಂದಿದ್ದಾರೆ.

ಮೂವರಿಗೂ ಹೇಳಿದ ಇನ್ನೊಂದು ಮಾತು ಕ್ಯಾಲೆಂಡರಿನದು. ಫೋನಿನ ಆ್ಯಪ್ ಬೇಡ, ಗೋಡೆಯ ಕ್ಯಾಲೆಂಡರೇ ಸಾಕು. ನೋವು ಬಂದ ದಿನ ಕೆಂಪು ಚುಕ್ಕೆ, ಮಾತ್ರೆ ತೆಗೆದುಕೊಂಡರೆ ಅದರ ಪಕ್ಕ ಒಂದು ಗೆರೆ, ಹೊಸದೇನಾದರೂ ಶುರುಮಾಡಿದ ದಿನಕ್ಕೆ ಒಂದು ಸುತ್ತು. ಮೂರು ತಿಂಗಳ ಹಾಳೆ ಪಕ್ಕಪಕ್ಕ ಇಟ್ಟರೆ ಚುಕ್ಕೆ ಕಡಿಮೆಯಾಗಿದೆಯೋ ಇಲ್ಲವೋ ಎದ್ದು ಕಾಣುತ್ತದೆ. ಡಾಕ್ಟರಿಗೂ ಅದನ್ನೇ ತೋರಿಸಬಹುದು.

ಮಗಳು ರಾತ್ರಿ ಮೆಸೇಜ್ ಮಾಡಿದ್ದಳು. "ಚಿಕ್ಕಮ್ಮ, ಬರೀ ಅರ್ಧ ದಿನ ನೋವಿದ್ರೆ ಅರ್ಧ ಚುಕ್ಕೆ ಇಡ್ಲಾ?"

ಪೂರ್ತಿ ಇಡು ಎಂದೆ.